ಗಣಿ ಕಾರ್ಮಿಕರಲ್ಲಿ ಬಿಪಿ ಅಪಾಯ ಅಳೆಯುವುದು ಹೇಗೆ: ಪಾಳಿ, ಸದ್ದು, ಸೆಕೆ ಸೇರಿಸಿ ಒಂದು ಸಮಗ್ರ ಮಾರ್ಗದರ್ಶಿ

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ನೆಲದಡಿಯಲ್ಲಿ. ಸಂಡೂರಿನ ಕಬ್ಬಿಣದ ಅದಿರು ಗಣಿಗಳಲ್ಲಿ ತೆರೆದ ಬಯಲಿನಲ್ಲಿ. ಒಂದು ಕಡೆ ಜಾಕ್‌ಹ್ಯಾಮರ್ ಸದ್ದು ಮತ್ತು ಹಸಿ ಸೆಕೆ, ಇನ್ನೊಂದು ಕಡೆ ಡಂಪರ್ ಕ್ಯಾಬಿನ್ನು, ದೂಳು, ಬಿಸಿಲು. ಎರಡೂ ಕಡೆ ರಾತ್ರಿ ಪಾಳಿ. ಹೀಗಿದ್ದರೂ ವೈದ್ಯಕೀಯ ತಪಾಸಣೆಯ ಫಾರ್ಮಿನಲ್ಲಿ ಬಿಪಿಗೆ ಸಿಗುವುದು ಒಂದೇ ಸಾಲು. ಅದರಲ್ಲಿ ‘130/80’ ಎಂದು ಬರೆದು ಮುಂದಿನವರನ್ನು ಕರೆಯುತ್ತಾರೆ.

ಆ ಒಂದು ಸಂಖ್ಯೆಯಿಂದ ಅಪಾಯ ತಿಳಿಯುವುದಿಲ್ಲ. ಅದನ್ನು ಯಾವ ಪಾಳಿಯ ಯಾವ ಹೊತ್ತಿನಲ್ಲಿ, ತೋಳಿಗೆ ಯಾವ ಅಳತೆಯ ಪಟ್ಟಿ (ಕಫ್) ಕಟ್ಟಿ ತೆಗೆದದ್ದು, ಅಳೆಸಿಕೊಂಡವರ ಮನಸ್ಸಿನಲ್ಲಿ ಕೆಲಸ ಹೋಗುವ ಭಯ ಎಷ್ಟಿತ್ತು ಎನ್ನುವುದರ ಮೇಲೆ ಸಂಖ್ಯೆ ಹತ್ತಿಪ್ಪತ್ತು ಅಂಕ ಆಚೀಚೆ ಆಗುತ್ತದೆ. ಗಣಿ ಆಸ್ಪತ್ರೆಯ ನರ್ಸ್, ವೆಲ್ಫೇರ್ ಆಫೀಸರ್, ಗಣಿ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಈ ಕೆಲಸವನ್ನು ಸರಿಯಾಗಿ ಮಾಡುವ ಕ್ರಮ ಇಲ್ಲಿದೆ.

ಹಂತ 1: ಹೆಸರಿನ ಪಟ್ಟಿ ಮೊದಲು, ಯಂತ್ರ ಆಮೇಲೆ

ಟೈಮ್ ಆಫೀಸಿನಿಂದ ಹಾಜರಿ ಪಟ್ಟಿ ತೆಗೆದುಕೊಳ್ಳಿ. ಅದರಲ್ಲಿ ಕಾಯಂ ನೌಕರರು ಮಾತ್ರ ಇರುತ್ತಾರೆ. ಗುತ್ತಿಗೆದಾರರ ಕೈಕೆಳಗಿನ ಲೋಡಿಂಗ್, ಟಿಪ್ಪರ್, ಕ್ಲೀನಿಂಗ್, ಸೆಕ್ಯುರಿಟಿಯವರ ಹೆಸರುಗಳು ಬೇರೆ ಬೇರೆ ಕಡತಗಳಲ್ಲಿರುತ್ತವೆ. ಅವನ್ನೂ ಒಟ್ಟು ಮಾಡದೆ ಶುರು ಮಾಡಬೇಡಿ. ಹೆಚ್ಚು ದೂಳು, ಹೆಚ್ಚು ಪಾಳಿ, ಕಡಿಮೆ ತಪಾಸಣೆ ಇರುವುದು ಅವರಿಗೇ.

ಕಳೆದ 2-3 ವರ್ಷದಲ್ಲಿ ಕಾಯಿಲೆಯ ಕಾರಣಕ್ಕೆ ಕೆಲಸ ಬಿಟ್ಟವರು, ನೆಲದಡಿಯಿಂದ ಮೇಲಿನ ಕೆಲಸಕ್ಕೆ ಬದಲಾದವರು, ಉದ್ದ ರಜೆಯಲ್ಲಿರುವವರ ಪಟ್ಟಿಯೂ ಬೇಕು. ಗಟ್ಟಿ ಇದ್ದವರು ಕೆಲಸದಲ್ಲಿ ಉಳಿಯುತ್ತಾರೆ, ಸೋತವರು ಹೊರಗೆ ಹೋಗುತ್ತಾರೆ. ಉಳಿದವರನ್ನಷ್ಟೇ ಅಳೆದು ‘ನಮ್ಮ ಡ್ರಿಲ್ಲರ್‌ಗಳ ಬಿಪಿ ಚೆನ್ನಾಗಿದೆ’ ಎಂದು ವರದಿ ಬರೆದರೆ ಅದು ಮೋಸದ ಲೆಕ್ಕ.

1955ರ ಗಣಿ ನಿಯಮಗಳು ಹಾಕಿಕೊಟ್ಟ ಪದ್ಧತಿಯಲ್ಲಿ ಕೆಲಸಕ್ಕೆ ಸೇರುವಾಗ ಒಂದು ತಪಾಸಣೆ, ಆಮೇಲೆ ಹೆಚ್ಚೆಂದರೆ 5 ವರ್ಷಕ್ಕೊಮ್ಮೆ ಇನ್ನೊಂದು. ಬಿಪಿಯ ಮಟ್ಟಿಗೆ 5 ವರ್ಷ ತೀರಾ ಉದ್ದವಾಯಿತು. 38ರಲ್ಲಿ ಸರಿಯಿದ್ದವರು 43ರ ಹೊತ್ತಿಗೆ ಮೂತ್ರಪಿಂಡಕ್ಕೆ ಪೆಟ್ಟು ಮಾಡಿಕೊಂಡು ಬಂದಿರಬಹುದು. ವರ್ಷಕ್ಕೊಮ್ಮೆ ಬಿಪಿ ನೋಡಿಸಲು ಯಾವ ನಿಯಮದ ಅಡ್ಡಿಯೂ ಇಲ್ಲ, ಖರ್ಚೂ ಇಲ್ಲ.

ಹಂತ 2: ಯಂತ್ರ ಮತ್ತು ತೋಳಿನ ಪಟ್ಟಿ

ಪಾದರಸದ ಯಂತ್ರಗಳ ಕಾಲ ಮುಗಿಯುತ್ತ ಬಂತು. ತೋಳಿಗೆ ಕಟ್ಟುವ, ಪರೀಕ್ಷಿಸಿ ಪ್ರಮಾಣೀಕರಿಸಿದ ಡಿಜಿಟಲ್ ಯಂತ್ರ ಸಾಕು. ಮಣಿಕಟ್ಟಿಗೆ ಕಟ್ಟುವುದು ಬೇಡ. ಮುಳ್ಳಿನ ಯಂತ್ರವಿದ್ದರೆ ಗಾಳಿ ಬಿಟ್ಟಾಗ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆಯೇ ನೋಡಿ. ಒಂದು ಸಲ ನೆಲಕ್ಕೆ ಬಿದ್ದ ಮುಳ್ಳಿನ ಯಂತ್ರವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸದೆ ನಂಬಬಾರದು. ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಡಿಜಿಟಲ್ ಯಂತ್ರ ಏನೇನೋ ತೋರಿಸುತ್ತದೆ. ಅಂಥವರಿಗೆ ಸ್ಟೆತಸ್ಕೋಪ್ ಇಟ್ಟು ಕೈಯಲ್ಲೇ ಅಳೆಯಬೇಕು, ಇಸಿಜಿಯನ್ನೂ ಮಾಡಿಸಬೇಕು.

ಹೆಚ್ಚು ತಪ್ಪಾಗುವುದು ಪಟ್ಟಿಯಲ್ಲಿ. ಹತ್ತು ವರ್ಷ ಡ್ರಿಲ್ ಹಿಡಿದವರ ತೋಳು 35 ಸೆಂ.ಮೀ. ದಾಟಿರುವುದುಂಟು. ಯಂತ್ರದ ಜೊತೆ ಬರುವ ಮಾಮೂಲಿ ಪಟ್ಟಿ ಸುಮಾರು 27ರಿಂದ 34 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾತ್ರ ಸರಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಸಣಕಲು ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಇರುವ ಬಿಪಿ ಮರೆಯಾಗುತ್ತದೆ. ಹೊಲಿಗೆಯವರ ಟೇಪು ಒಂದನ್ನು ಮೇಜಿನ ಮೇಲೆ ಇಟ್ಟುಕೊಂಡು ಭುಜ ಮತ್ತು ಮೊಣಕೈಯ ನಟ್ಟನಡುವೆ ಅಳೆಯಿರಿ. ಒಳಗಿನ ಗಾಳಿಚೀಲ ಆ ಸುತ್ತಳತೆಯ ಶೇ 80ರಷ್ಟು ಉದ್ದ, ಶೇ 40ರಷ್ಟು ಅಗಲ ಇರಬೇಕು. 22-26, 27-34, 35-44 ಸೆಂ.ಮೀ. ತೋಳುಗಳಿಗೆ ಮೂರು ಪಟ್ಟಿಗಳಿದ್ದರೆ ಬಹುತೇಕ ಎಲ್ಲರಿಗೂ ಆಯಿತು.

ಹಂತ 3: ಯಾವಾಗ ಅಳೆಯಬೇಕು

ಗಣಿಯಲ್ಲಿ ಈ ಪ್ರಶ್ನೆ ಬೇರೆಲ್ಲಕ್ಕಿಂತ ದೊಡ್ಡದು. ಪಾಳಿ ಮುಗಿಸಿ ಮೇಲೆ ಬಂದವರನ್ನು ಹಾಗೇ ಸಾಲಿನಲ್ಲಿ ಕೂರಿಸಿ ಅಳೆಯುವುದು ಎಲ್ಲರಿಗೂ ಅನುಕೂಲ, ಆದರೆ ಬರುವ ಸಂಖ್ಯೆ ಸುಳ್ಳು. ಸೆಕೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ, ಬೆವರಿ ಮೈಯ ನೀರು ಇಳಿದಿರುತ್ತದೆ, ಗಟ್ಟಿ ದುಡಿಮೆಯ ನಂತರ ಒಂದೆರಡು ಗಂಟೆ ಬಿಪಿ ತಾನಾಗಿಯೇ ಸ್ವಲ್ಪ ತಗ್ಗಿರುತ್ತದೆ. ಬೆಳಗ್ಗೆ ಬಿಪಿಯ ಮೇಲಿನ ಅಂಕ 146 ಇದ್ದವರು ಆಗ 132 ತೋರಿಸಿ ‘ಫಿಟ್’ ಅನ್ನಿಸಿಕೊಂಡು ಹೋಗಬಹುದು. ರಾತ್ರಿ ಪಾಳಿ ಮುಗಿಸಿದವರಲ್ಲಿ ಇದರ ತಿರುವು ಮುರುವು. ನಿದ್ದೆಯಲ್ಲಿ ಬಿಪಿ ಸಹಜವಾಗಿ ಶೇ 10ರಿಂದ 20ರಷ್ಟು ಇಳಿಯಬೇಕು. ಎಚ್ಚರವಿದ್ದು ಚಹಾ, ತಂಬಾಕಿನ ಮೇಲೆ ರಾತ್ರಿ ತಳ್ಳಿದವರಿಗೆ ಆ ಇಳಿತವೇ ಸಿಕ್ಕಿರುವುದಿಲ್ಲ.

ಸರಿಯಾದ ಹೊತ್ತು: ಕನಿಷ್ಠ ಒಂದು ರಾತ್ರಿ ಪೂರ್ತಿ ಮಲಗಿದ ಮೇಲೆ, ಮೊದಲ ಪಾಳಿಗೆ ಇಳಿಯುವ ಮುಂಚೆ. ವಾರದ ರಜೆಯ ಮಾರನೆಯ ಬೆಳಗ್ಗೆ ಆದರೆ ಇನ್ನೂ ಒಳ್ಳೆಯದು. ಸಂಬಳದ ಮಾರನೆಯ ದಿನ ಬೇಡ, ಹಿಂದಿನ ರಾತ್ರಿಯ ಕುಡಿತ ಬಿಪಿಯಲ್ಲಿ ಕಾಣಿಸಿಕೊಳ್ಳುತ್ತದೆ. ಯಾವ ಪಾಳಿ, ಎಷ್ಟು ಗಂಟೆ ನಿದ್ದೆ, ಎಷ್ಟು ಹೊತ್ತಿಗೆ ಅಳೆದದ್ದು, ಈ ಮೂರನ್ನು ಬಿಪಿಯ ಪಕ್ಕದಲ್ಲೇ ಬರೆಯಿರಿ.

ಹಂತ 4: ಅಳೆಯುವ ಕ್ರಮ

ಕಂಪ್ರೆಸರ್ ಅಥವಾ ಕ್ರಷರ್ ಸದ್ದು ಕೇಳದ ಕೋಣೆ ಬೇಕು. ಏಸಿಯ ಕೊರೆಯುವ ಚಳಿಯೂ ಬಿಪಿ ಏರಿಸುತ್ತದೆ.

1. ಹಿಂದಿನ ಅರ್ಧ ಗಂಟೆಯಲ್ಲಿ ಚಹಾ, ಬೀಡಿ, ಗುಟ್ಕಾ, ತಂಬಾಕು ಆಗಿರಬಾರದು. ಬಾಯಿ ತೊಳೆದು ಬಂದರೆ ಸಾಲದು, ಅರ್ಧ ಗಂಟೆ ಕಳೆಯಲೇಬೇಕು. ಸೈಕಲ್ ತುಳಿದು ಬಂದಿದ್ದರೂ ಅಷ್ಟೇ ಹೊತ್ತು ಕಾಯಿಸಿ.
2. ಮೂತ್ರಕ್ಕೆ ಹೋಗಿ ಬರಲು ಹೇಳಿ.
3. ಬೆನ್ನಿಗೆ ಆಸರೆ ಇರುವ ಕುರ್ಚಿ. ಸ್ಟೂಲು ಬೇಡ. ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. 5 ನಿಮಿಷ ಸುಮ್ಮನೆ ಕೂರಲಿ, ಮೊಬೈಲ್ ಜೇಬಿನಲ್ಲಿರಲಿ.
4. ತೋಳು ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ತೋಳು 10 ಸೆಂ.ಮೀ. ಕೆಳಗೆ ಜೋತುಬಿದ್ದರೆ 7-8 ಅಂಕ ಪುಕ್ಕಟೆ ಏರುತ್ತದೆ. ದಪ್ಪ ಯೂನಿಫಾರ್ಮಿನ ತೋಳನ್ನು ಮೇಲೆ ಸುತ್ತಿ ಬಿಗಿಮಾಡುವ ಬದಲು ಅಂಗಿ ಕಳಚಿಸಿ.
5. ಅಳೆಯುವಾಗ ಇಬ್ಬರೂ ಮಾತಾಡಬಾರದು. ‘ಊರು ಯಾವುದು’ ಎಂಬ ಒಳ್ಳೆ ಮನಸ್ಸಿನ ಪ್ರಶ್ನೆಯೂ ಸಂಖ್ಯೆ ಕೆಡಿಸುತ್ತದೆ.
6. ಮೊದಲ ಸಲ ಎರಡೂ ತೋಳು ಅಳೆಯಿರಿ. ಮುಂದೆ ಯಾವಾಗಲೂ ಹೆಚ್ಚು ಬಂದ ತೋಳೇ. ಎರಡರ ನಡುವೆ 20ಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಿ.
7. ಒಂದೊಂದು ನಿಮಿಷ ಬಿಟ್ಟು ಮೂರು ಸಲ. ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ.

ಹೀಗೆ ಮಾಡಿದರೆ ಒಬ್ಬರಿಗೆ ಸುಮಾರು 12 ನಿಮಿಷ ಬೇಕು. ಐದು ಕುರ್ಚಿ ಹಾಕಿ, ಒಬ್ಬರನ್ನು ಅಳೆಯುವಾಗ ಉಳಿದ ನಾಲ್ವರು ಸುಮ್ಮನೆ ಕೂತಿದ್ದರೆ ಗಂಟೆಗೆ ಹತ್ತು ಹನ್ನೆರಡು ಜನ ಆಗುತ್ತಾರೆ. ಗಂಟೆಗೆ ನಲವತ್ತು ಜನರನ್ನು ‘ಮುಗಿಸಿದ’ ಶಿಬಿರದ ಸಂಖ್ಯೆಗಳನ್ನು ರದ್ದಿಗೆ ಹಾಕುವುದೇ ಮೇಲು.

ಹಂತ 5: ಕೇಳಬೇಕಾದ ಪ್ರಶ್ನೆಗಳು, ಕೇಳುವ ರೀತಿ

‘ಚಟ ಇದೆಯಾ?’ ಎಂದು ಕೇಳಿದರೆ ಉತ್ತರ ‘ಇಲ್ಲ’. ರಾಯಚೂರು, ಬಳ್ಳಾರಿ ಕಡೆ ಎಲೆ ಅಡಿಕೆಯನ್ನು ಯಾರೂ ಚಟ ಅನ್ನುವುದಿಲ್ಲ. ‘ಎಲಿ ಅಡಿಕಿ ಹಾಕ್ತೀರೇನ್ರಿ? ಅದರಾಗ ತಂಬಾಕ ಕೂಡಿಸ್ತೀರೇನು? ದಿನಕ್ಕ ಎಷ್ಟ್ ಸಲ?’ ಎಂದು ಹೆಸರು ಹಿಡಿದು ಕೇಳಬೇಕು. ನೆಲದಡಿಯಲ್ಲಿ ಬೀಡಿ ಹಚ್ಚಲಾಗದವರು ಪಾಳಿಯುದ್ದಕ್ಕೂ ತಂಬಾಕನ್ನು ಕೆನ್ನೆಯಲ್ಲಿ ಇಟ್ಟಿರುತ್ತಾರೆ. ಅವರ ಮೈಗೆ ನಿಕೋಟಿನ್ ಎಂಟು ಗಂಟೆ ಬಿಡುವಿಲ್ಲದೆ ಸೇರುತ್ತಿರುತ್ತದೆ.

ಕುಡಿತವನ್ನು ಕ್ವಾರ್ಟರ್ ಲೆಕ್ಕದಲ್ಲಿ ಕೇಳಿ. 180 ಮಿ.ಲೀ. ವಿಸ್ಕಿಯಲ್ಲಿ ಶೇ 42.8ರ ಪ್ರಕಾರ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಂದರೆ ‘ಒಂದೇ ಕ್ವಾರ್ಟರ್ ಸಾರ್’ ಎನ್ನುವುದು ವೈದ್ಯರ ಅಳತೆಯಲ್ಲಿ ಆರು ಪೆಗ್ಗಿನ ಹತ್ತಿರ.

ಉಪ್ಪನ್ನು ‘ಹೆಚ್ಚು ತಿಂತೀರಾ’ ಎಂದು ಕೇಳುವುದು ದಂಡ. ಮನೆಗೆ ತಿಂಗಳಿಗೆ ಎಷ್ಟು ಉಪ್ಪಿನ ಪೊಟ್ಟಣ, ಉಣ್ಣುವವರು ಎಷ್ಟು ಜನ ಎಂದು ಕೇಳಿ. ನಾಲ್ವರ ಮನೆಗೆ 1 ಕಿಲೋ ಆದರೆ ತಲೆಗೆ ದಿನಕ್ಕೆ 8 ಗ್ರಾಂ ಚಿಲ್ಲರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂಗಿಂತ ಕಡಿಮೆ. ಹೊರಗಿನ ಮಿರ್ಚಿ ಭಜಿ, ಚುರುಮುರಿಯ ಉಪ್ಪು ಈ ಲೆಕ್ಕದಲ್ಲಿ ಬಂದೇ ಇಲ್ಲ.

ಇದಕ್ಕೆ ಅಂಟಿಕೊಂಡಂತೆ ಓಆರ್‌ಎಸ್ ವಿಷಯ. ಬೇಸಿಗೆಯಲ್ಲಿ ಗಣಿಯವರು ಪೊಟ್ಟಣ ಹಂಚುವುದು ಒಳ್ಳೆಯದೇ. ಆದರೆ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಇರುವ ಸೋಡಿಯಂ ಸುಮಾರು 4.4 ಗ್ರಾಂ ಉಪ್ಪಿನಲ್ಲಿ ಇರುವಷ್ಟು. ಬೆವರೇ ಹರಿಯದ ಕೂತು ಮಾಡುವ ಕೆಲಸದವರು, ಈಗಾಗಲೇ ಬಿಪಿ ಇರುವವರು ಅದನ್ನು ಶರಬತ್ತಿನ ಹಾಗೆ ದಿನಾ ಕುಡಿಯಬಾರದು. ಅವರಿಗೆ ಬರೀ ನೀರು ಸಾಕು. ಇಡೀ ಪಾಳಿ ಬೆವರು ಸುರಿಸುವ ಡ್ರಿಲ್ಲರ್‌ಗೆ ಉಪ್ಪು ಬಿಡಿಸಿಬಿಡುವುದೂ ತಪ್ಪು. ಯಾರಿಗೆ ಎಷ್ಟು ಎನ್ನುವುದನ್ನು ಕೆಲಸ ನೋಡಿ ವೈದ್ಯರು ಹೇಳಬೇಕು.

ಕೊನೆಯ ಪ್ರಶ್ನೆ ನೋವಿನ ಮಾತ್ರೆಯದು, ಬಹುತೇಕ ಯಾರೂ ಕೇಳದೇ ಬಿಡುವಂಥದ್ದು. ಸೊಂಟ, ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುವವರು ಗಣಿಗಳಲ್ಲಿ ಬಹಳ. ಇವು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಟೆಲ್ಮಿಸಾರ್ಟನ್ ತರಹದ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ನೋವಿನ ಮಾತ್ರೆ ಮೂರೂ ಕೂಡಿ, ಮೇಲೆ ಬೆವರಿ ಮೈ ಒಣಗಿದರೆ ಮೂತ್ರಪಿಂಡ ಒಂದೇ ವಾರದಲ್ಲಿ ಕೈಕೊಡಬಹುದು. ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ ತರಲು ಹೇಳಿ. ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಫಿನೈಲ್‌ಎಫ್ರಿನ್ ಇರುವ ನೆಗಡಿ ಮಾತ್ರೆಗಳೂ ಈ ಪಟ್ಟಿಗೆ ಸೇರುತ್ತವೆ.

ಗೊರಕೆ, ಹಗಲು ತೂಕಡಿಕೆ ಇದೆಯೇ ಎಂದು ಡಂಪರ್ ಚಾಲಕರನ್ನು ತಪ್ಪದೆ ಕೇಳಿ. ಕತ್ತಿನ ಸುತ್ತಳತೆ 40 ಸೆಂ.ಮೀ. ಮೀರಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಮಾತ್ರೆಗೆ ಬಗ್ಗದ ಬಿಪಿಗೆ ಅದೂ ಒಂದು ಕಾರಣ. ಸೊಂಟದ ಅಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದೆಯೇ ನೋಡಿ. ತಂದೆ ತಾಯಿಗೆ ಬಿಪಿ, ಲಕ್ವ ಇತ್ತೇ ಎಂದು ಬರೆದುಕೊಳ್ಳಿ.

ಹಂತ 6: ಕೆಲಸದ ಅಪಾಯ ದಾಖಲಿಸುವುದು

ಸದ್ದು: ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪ್ರಕಾರ 85 ಡೆಸಿಬೆಲ್ ಎಚ್ಚರಿಕೆಯ ಗೆರೆ, 90 ಅಪಾಯದ ಗೆರೆ. ಜಾಕ್‌ಹ್ಯಾಮರ್ ಹಿಡಿದವರ ಕಿವಿಯ ಹತ್ತಿರ ಸದ್ದು 100 ದಾಟುತ್ತದೆ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ ಎನ್ನುವುದು ನೆನಪಿರಲಿ. ವರ್ಷಗಟ್ಟಲೆ ಇಂಥ ಸದ್ದಿನಲ್ಲಿ ದುಡಿದವರಲ್ಲಿ ಬಿಪಿ ಹೆಚ್ಚು ಕಾಣಿಸುತ್ತದೆ. ಪ್ರತಿಯೊಬ್ಬರನ್ನೂ 85ಕ್ಕಿಂತ ಕಡಿಮೆ, 85-90, 90ಕ್ಕಿಂತ ಹೆಚ್ಚು ಎಂದು ಮೂರರಲ್ಲಿ ಒಂದಕ್ಕೆ ಹಾಕಿ, ಎಷ್ಟು ವರ್ಷ ಎಂಬುದನ್ನೂ ಬರೆಯಿರಿ.

‘ಇಯರ್ ಪ್ಲಗ್ ಹಾಕ್ತೀರಾ’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ನಿಜ ತಿಳಿಯಲು ಅದೇ ಫೈಲಿನಲ್ಲಿರುವ ಕಿವಿ ಪರೀಕ್ಷೆಯ ಗ್ರಾಫ್ ತೆಗೆಯಿರಿ. ಸಾಲು ಚೆನ್ನಾಗಿ ಬಂದು 4000 ಹರ್ಟ್ಜ್ ಹತ್ತಿರ ಹಳ್ಳಕ್ಕೆ ಬಿದ್ದು 8000ಕ್ಕೆ ಮತ್ತೆ ಏರಿದ್ದರೆ ಸದ್ದು ಕಿವಿಯೊಳಗೆ ಹೋಗಿದೆ ಎಂದೇ ಅರ್ಥ. ಅಂಥವರನ್ನು ಸದ್ದಿನ ವಿಷಯದಲ್ಲಿ ಒಂದು ಮೆಟ್ಟಿಲು ಮೇಲಕ್ಕೆ ಹಾಕಿ.

ಸೆಕೆ: 1961ರ ಲೋಹದ ಗಣಿ ನಿಯಮಾವಳಿಯಲ್ಲಿ ಒದ್ದೆ ಬಲ್ಬಿನ ತಾಪಮಾನ (ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವುದು, ಗಾಳಿಯ ತೇವವೂ ಇದರ ಲೆಕ್ಕಕ್ಕೆ ಬರುತ್ತದೆ) 33.5 ಡಿಗ್ರಿ ಮೀರಬಾರದು. 30.5 ದಾಟಿದರೆ ಗಾಳಿ ಸೆಕೆಂಡಿಗೆ 1 ಮೀಟರ್‌ಗಿಂತ ಕಡಿಮೆ ಇಲ್ಲದ ವೇಗದಲ್ಲಿ ಹರಿಯಬೇಕು. ವೆಂಟಿಲೇಷನ್ ವಿಭಾಗದ ಪುಸ್ತಕದಲ್ಲಿ ಈ ಅಳತೆಗಳಿರುತ್ತವೆ, ಹೊಸದಾಗಿ ಅಳೆಯಬೇಕಿಲ್ಲ. ಸೆಕೆ ಹೆಚ್ಚಿರುವ ಜಾಗದವರಿಗೆ ಬಿಪಿ ಮಾತ್ರೆ ಶುರುವಾದರೆ ತಲೆಸುತ್ತಿನ ಅಪಾಯ ಇರುತ್ತದೆ. ಅದನ್ನು ವೈದ್ಯರ ಚೀಟಿಯಲ್ಲಿ ಕಾಣುವಂತೆ ಬರೆಯಿರಿ. ಏಣಿ ಹತ್ತುವವರಿಗೆ ಕೂತಾಗಷ್ಟೇ ಅಲ್ಲ, ನಿಂತು ಒಂದು ನಿಮಿಷ ಮತ್ತು ಮೂರು ನಿಮಿಷಕ್ಕೂ ಅಳೆಯಿರಿ. ಮೇಲಿನ ಅಂಕ 20 ಇಳಿದರೆ ಮಾತ್ರೆಯ ಬಗ್ಗೆ ಮರುಯೋಚನೆ ಬೇಕು.

ಪಾಳಿ: ತಿಂಗಳಿಗೆ ಎಷ್ಟು ರಾತ್ರಿ, ಎಷ್ಟು ವರ್ಷದಿಂದ, ಓವರ್‌ಟೈಮ್ ಎಷ್ಟು. ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದ ಜೊತೆಗೆ ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲದು. ಡ್ರಿಲ್ಲರ್ ಮತ್ತು ಕ್ರಷರ್‌ನವರಿಗೆ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಲು ಇದೊಂದು ಹೆಚ್ಚಿನ ಕಾರಣ. ರಾಜಸ್ಥಾನದ ಜಾವರ್ ತರಹದ ಸೀಸ-ಸತುವಿನ ಗಣಿಗಳಲ್ಲಾದರೆ ರಕ್ತದ ಸೀಸವನ್ನೂ ನೋಡಬೇಕು, ಸೀಸ ನೇರವಾಗಿ ಬಿಪಿ ಏರಿಸುತ್ತದೆ.

ಹಂತ 7: ಸಂಖ್ಯೆ ಓದುವುದು

- 130/80ಕ್ಕಿಂತ ಕಡಿಮೆ: ವರ್ಷಕ್ಕೊಮ್ಮೆ.
- 130-139 ಅಥವಾ 80-89: ಹಂತ 6ರಲ್ಲಿ ದಾಖಲಿಸಿದ ಕೆಲಸದ ಅಪಾಯ ಎರಡು ಅಥವಾ ಹೆಚ್ಚಿದ್ದರೆ 6 ತಿಂಗಳಿಗೊಮ್ಮೆ, ಇಲ್ಲದಿದ್ದರೆ ವರ್ಷಕ್ಕೊಮ್ಮೆ.
- 140-159 ಅಥವಾ 90-99: ತಿಂಗಳೊಳಗೆ ಬೇರೆ ದಿನ ಮತ್ತೆ ಅಳತೆ. ಒಂದೇ ದಿನದ ಅಳತೆಯಲ್ಲಿ ‘ಬಿಪಿ ಪೇಷಂಟ್’ ಎಂಬ ಹಣೆಪಟ್ಟಿ ಬೇಡ.
- 160/100 ಅಥವಾ ಮೇಲೆ: ವಾರದೊಳಗೆ ವೈದ್ಯರು.
- 180/110 ಅಥವಾ ಮೇಲೆ: ವಿಶ್ರಾಂತಿ ಕೊಟ್ಟು ಮತ್ತೆ ಅಳೆದು, ಅದೇ ದಿನ ವೈದ್ಯರು. ಎದೆನೋವು, ಏದುಸಿರು, ಮಾತು ತೊದಲು, ಒಂದು ಕಡೆ ಬಲ ಇಲ್ಲದಿರುವುದು, ಕಣ್ಣು ಮಂಜು ಇದ್ದರೆ ಆಂಬುಲೆನ್ಸ್. ನಾಲಗೆ ಕೆಳಗೆ ನಿಫೆಡಿಪಿನ್ ಒಡೆದು ಹಾಕುವ ಹಳೆಯ ಅಭ್ಯಾಸ ಬೇಡ. ಬಿಪಿ ದಿಢೀರನೆ ಕುಸಿದು ಮಿದುಳಿಗೆ ರಕ್ತ ಸಾಲದೆ ಹೋಗುತ್ತದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. 43 ವರ್ಷದ ಡ್ರಿಲ್ಲರ್, ತೋಳು 36 ಸೆಂ.ಮೀ. ರಾತ್ರಿ ಪಾಳಿ ಮುಗಿದ ಬೆಳಗ್ಗೆ ದೊಡ್ಡ ಪಟ್ಟಿಯಲ್ಲೇ ಅಳೆದಾಗ 152/94, 144/90, 142/88. ಮೊದಲನೆಯದು ಬಿಟ್ಟು ಸರಾಸರಿ 143/89. ರಜೆಯ ಮಾರನೆಯ ದಿನ 138/88, 134/86, 132/84, ಸರಾಸರಿ 133/85. ಒಂದು ದಿನ ‘ಇದೆ’, ಇನ್ನೊಂದು ದಿನ ‘ಇಲ್ಲ’. ಇಲ್ಲಿ ತನಗಿಷ್ಟವಾದ ಸಂಖ್ಯೆ ಆರಿಸಿಕೊಳ್ಳುವಂತಿಲ್ಲ. ಯಂತ್ರ ಮನೆಗೆ ಕೊಟ್ಟು 7 ದಿನ, ಎದ್ದ ಮೇಲೆ ಎರಡು ಸಲ, ಮಲಗುವ ಮುಂಚೆ ಎರಡು ಸಲ ಬರೆಸಿ. ರಾತ್ರಿ ಪಾಳಿಯ ವಾರದಲ್ಲಿ ‘ಬೆಳಗ್ಗೆ’ ಎಂದರೆ ಅವರು ಮಧ್ಯಾಹ್ನ ಏಳುವ ಹೊತ್ತು. ಮೊದಲ ದಿನದ್ದನ್ನು ಬಿಟ್ಟು ಸರಾಸರಿ 137/86 ಬಂತು ಎನ್ನಿ. ಮನೆಯ ಅಳತೆಗೆ ಗೆರೆ 135/85. ಹಾಗಾಗಿ ಇದು ಬಿಪಿಯೇ, ಪಾಳಿಯ ಆಯಾಸವಷ್ಟೇ ಅಲ್ಲ.

40 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ದಕ್ಷಿಣ ಏಷ್ಯಾ ಚಾರ್ಟ್ ಬಳಸಿ. ವಯಸ್ಸು, ಲಿಂಗ, ಧೂಮಪಾನ, ಬಿಪಿಯ ಮೇಲಿನ ಅಂಕ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಸೇರಿಸಿ 10 ವರ್ಷದಲ್ಲಿ ಹೃದಯಾಘಾತ, ಲಕ್ವದ ಅಪಾಯ ಶೇಕಡಾ ಎಷ್ಟು ಎಂದು ಬಣ್ಣದಲ್ಲಿ ತೋರಿಸುತ್ತದೆ. ಅದರಲ್ಲಿ ಸದ್ದಿಗೂ ಪಾಳಿಗೂ ಜಾಗವಿಲ್ಲ, ಕೆನ್ನೆಯ ತಂಬಾಕಿಗೂ ಇಲ್ಲ. ಚಾರ್ಟಿನ ಉತ್ತರವನ್ನು ಕನಿಷ್ಠ ಎಂದು ಓದಿ. ಆದರೆ ಸದ್ದಿಗೆ ಇಷ್ಟು, ಸೆಕೆಗೆ ಇಷ್ಟು ಎಂದು ಮನಸ್ಸಿಗೆ ಬಂದ ಅಂಕ ಕೂಡಿಸಬೇಡಿ. ಅಂಥ ಅಂಕಗಳಿಗೆ ಆಧಾರವಿಲ್ಲ, ವರದಿಯಲ್ಲಿ ಮಾತ್ರ ವಿಜ್ಞಾನದ ಹಾಗೆ ಕಾಣುತ್ತವೆ.

ಹಂತ 8: ಭಯವನ್ನು ಲೆಕ್ಕಕ್ಕೆ ಹಿಡಿಯುವುದು

‘ಅನ್‌ಫಿಟ್’ ಆದರೆ ಅಂಡರ್‌ಗ್ರೌಂಡ್ ಭತ್ಯೆ ಹೋಗುತ್ತದೆ, ಗುತ್ತಿಗೆಯವರಿಗೆ ಕೆಲಸವೇ ಹೋಗುತ್ತದೆ. ಆದ್ದರಿಂದ ತಪಾಸಣೆಯ ಬೆಳಗ್ಗೆ ಪಕ್ಕದವರ ಬಿಪಿ ಮಾತ್ರೆ ಕೇಳಿ ನುಂಗಿ ಬರುವವರಿದ್ದಾರೆ. ಮಾತ್ರೆ ತಿನ್ನುತ್ತಿದ್ದರೂ ಇಲ್ಲ ಎನ್ನುವವರಿದ್ದಾರೆ. ಇದಕ್ಕೆ ಗದರಿಕೆ ಮದ್ದಲ್ಲ. ಬಿಪಿ ಇದ್ದು ಹಿಡಿತದಲ್ಲಿದ್ದರೆ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಮ್ಯಾನೇಜ್‌ಮೆಂಟಿನಿಂದ ಬರಹದಲ್ಲಿ ಪಡೆದು, ಕೋಣೆಯ ಬಾಗಿಲಿಗೆ ಅಂಟಿಸಿ, ಯೂನಿಯನ್ ಮುಖಂಡರ ಬಿಪಿಯನ್ನು ಮೊದಲು ಅಳೆಯಿರಿ. ಜನರನ್ನು ಗಣಿಗೆ ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್ ಚಾಲಕರು, ಡಂಪರ್ ಮತ್ತು ಶಾವೆಲ್ ಆಪರೇಟರ್‌ಗಳು, ಬ್ಲಾಸ್ಟರ್‌ಗಳು ತಲೆಸುತ್ತಿ ಬಿದ್ದರೆ ಬೇರೆಯವರ ಜೀವಕ್ಕೂ ಕುತ್ತು. 180/110 ದಾಟಿದ್ದರೆ ಹಿಡಿತಕ್ಕೆ ಬರುವ ತನಕ ಬೇರೆ ಕೆಲಸ ಕೊಡಬೇಕು, ಸಂಬಳ ಕಡಿಯದೆ. ಸಂಬಳ ಕಡಿದರೆ ಮುಂದಿನ ವರ್ಷ ನಿಮ್ಮ ಮುಂದೆ ಎಲ್ಲರೂ ಆರೋಗ್ಯವಂತರೇ.

ಹಂತ 9: ಗುಂಪಿನ ಲೆಕ್ಕ

ಮಾತ್ರೆಯಿಂದ 126/80ಕ್ಕೆ ಬಂದವರನ್ನೂ ‘ಬಿಪಿ ಇರುವವರು’ ಎಂದೇ ಎಣಿಸಿ. ಇವರನ್ನು ಬಿಟ್ಟುಬಿಡುವುದು ತೀರಾ ಸಾಮಾನ್ಯ ತಪ್ಪು.

60 ಡ್ರಿಲ್ಲರ್‌ಗಳಲ್ಲಿ 15, ಆಫೀಸಿನ 60 ಜನರಲ್ಲಿ 21 ಮಂದಿಗೆ ಬಿಪಿ ಬಂತೆಂದು ಇಟ್ಟುಕೊಳ್ಳಿ. ಶೇ 25 ಮತ್ತು ಶೇ 35. ಆಫೀಸ್ ಕೆಲಸವೇ ಅಪಾಯ ಎನ್ನಬಹುದೇ? ಡ್ರಿಲ್ಲರ್‌ಗಳ ಸರಾಸರಿ ವಯಸ್ಸು 34, ಆಫೀಸಿನವರದು 48 ಇದ್ದರೆ ಈ ಹೋಲಿಕೆಗೆ ಬೆಲೆಯಿಲ್ಲ. 35-44ರವರನ್ನು 35-44ರವರ ಜೊತೆಗೇ ಇಟ್ಟು ನೋಡಿ. ಒಂದೊಂದು ಗುಂಪಿನಲ್ಲಿ ಹತ್ತೋ ಹನ್ನೆರಡೋ ಜನ ಉಳಿದರೆ ಶೇಕಡಾ ಬರೆಯದೆ ಸಂಖ್ಯೆಯನ್ನೇ ಬರೆಯಿರಿ.

ಆಮೇಲೆ ನಿಮ್ಮ ಅಳತೆಯನ್ನೇ ಪರೀಕ್ಷಿಸಿ. ಕೈಯಲ್ಲಿ ಅಳೆದ ಬಿಪಿಗಳ ಕೊನೆಯ ಅಂಕಿ ಎಣಿಸಿ. 0, 2, 4, 6, 8 ಹೆಚ್ಚುಕಡಿಮೆ ಶೇ 20ರಂತೆ ಬರಬೇಕು. ಅರ್ಧಕ್ಕರ್ಧ ಸೊನ್ನೆ ಇದ್ದರೆ ಕಣ್ಣಂದಾಜಿನಲ್ಲಿ ಬರೆದದ್ದು. 138ರಲ್ಲಿ ದೊಡ್ಡ ಗುಂಪು ಸೇರಿ 140, 142ರಲ್ಲಿ ಯಾರೂ ಇಲ್ಲದಿದ್ದರೆ ಯಾರೋ ಕರುಣೆಯಿಂದ ಪಾಸು ಮಾಡಿದ್ದಾರೆ. ಆ ಕೋಣೆಯಲ್ಲಿ ಅಳೆದವರಿಗೆಲ್ಲ ಡಿಜಿಟಲ್ ಯಂತ್ರದಲ್ಲಿ ಮತ್ತೆ ಅಳತೆ ಮಾಡಿಸಿ. ಹಂತ 1ರ ಪಟ್ಟಿಯಲ್ಲಿ ಗುರುತು ಬೀಳದೆ ಉಳಿದ ಹೆಸರುಗಳನ್ನು ಬೇರೆ ಹಾಳೆಗೆ ಇಳಿಸಿ, ಅವರ ಪಾಳಿಯ ಹೊತ್ತಿಗೆ ಯಂತ್ರ ತೆಗೆದುಕೊಂಡು ಗಣಿಗೆ ಇಳಿಯುವ ಶಾಫ್ಟಿನ ಬಾಗಿಲಿಗೇ ಹೋಗಿ.